ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಎರಡು ನಿಮಿಷ



ಸ್ಥಾವರ, ಜಂಗಮ ಎಂಬ ಜೋಡಿ ಪದಗಳನ್ನು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಇವೆರಡರಲ್ಲಿ ಯಾವುದಕ್ಕೆ ಅಳಿವು, ಯಾವುದಕ್ಕೆ ಉಳಿವು ಎಂಬ ವಿಷಯದಲ್ಲಿ ಬಸವಣ್ಣನವರ ನಿಲುವನ್ನು ಬಾಲ್ಯದಿಂದಲೂ ಕೇಳುತ್ತ ಬೆಳೆದವನು ನಾನು. ಆದರೂ ಅದಕ್ಕೆ ನೇರ ವಿರುದ್ಧವಾದ ತೀರ್ಪನ್ನು ಕೊಡುವ ಉಪಕರಣವೊಂದನ್ನು ಹೆಗಲಿಗೆ ಹಾಕಿಕೊಂಡು ಹಲವು ವರ್ಷ ತಿರುಗಿದೆ. ಆ ತೀರ್ಪನ್ನೇ ಸೌಂದರ್ಯವೆಂದು ನಂಬಿದ್ದೆ. ಆ ನಂಬಿಕೆ ಎಲ್ಲಿ ತಡವರಿಸಿತು ಎಂಬುದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವುದು ಈ ಬರಹದ ಉದ್ದೇಶ.

ನಾನು ವೃತ್ತಿಯಿಂದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಊರು ಬಾದಾಮಿ. ಸಂಜೆಯ ಬೆಳಕಿನ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಬಾದಾಮಿಯಲ್ಲಿ ಹುಟ್ಟಿದವನಿಗೆ ಈ ಹವ್ಯಾಸ ಅಂಟಿಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ದಕ್ಷಿಣಕ್ಕೆ ಗುಹಾಲಯಗಳ ಗುಡ್ಡ, ಉತ್ತರಕ್ಕೆ ಕೋಟೆಯ ಗುಡ್ಡ, ನಡುವೆ ಅಗಸ್ತ್ಯ ತೀರ್ಥ, ಅದರ ಪೂರ್ವದ ದಂಡೆಯಲ್ಲಿ ಭೂತನಾಥ ದೇವಾಲಯ. ಪಶ್ಚಿಮದ ಕಡೆಗೆ ಊರು, ಊರಿನ ಬದಿಗೆ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು. ಸೂರ್ಯನು ಊರಿನ ಹಿಂದೆ ಇಳಿಯುತ್ತಿರುವಾಗ ಮೆಟ್ಟಿಲುಗಳಿಗೆ ನೆರಳು ಬಂದುಬಿಟ್ಟಿರುತ್ತದೆ. ಎದುರಿನ ದೇವಾಲಯದ ಮೇಲೂ ಅದರ ಹಿಂದಿನ ಬಂಡೆಗಳ ಮೇಲೂ ಇನ್ನೂ ಬಿಸಿಲಿರುತ್ತದೆ. ಕಬ್ಬಿಣದ ಅಂಶದಿಂದ ಮೊದಲೇ ಕೆಂಪಾದ ಮರಳುಗಲ್ಲು ಆ ಹೊತ್ತಿನಲ್ಲಿ ಒಲೆಯೊಳಗಿನ ಕೆಂಡದಂತೆ ಕಾಣುತ್ತದೆ. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಆಮೇಲೆ ಎಲ್ಲವೂ ಬೂದಿ.

ಮೊದಮೊದಲು ನಾನು ಎಲ್ಲರಂತೆ ಸೂರ್ಯನನ್ನೇ ಬೆನ್ನಟ್ಟಿದೆ. ಭೂತನಾಥದ ಮಂಟಪದ ಬಳಿ ನಿಂತು ಪಶ್ಚಿಮಕ್ಕೆ ಮುಖ ಮಾಡಿ ತೆಗೆದ ಚಿತ್ರಗಳು ಎಷ್ಟೋ ಇವೆ. ಇಲ್ಲಿ ಒಂದು ಸಂಗತಿ ಗಮನಾರ್ಹ. ಸೂರ್ಯಬಿಂಬದ ಅಗಲ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ. ಭೂಮಿಯ ತಿರುಗುವಿಕೆಯಿಂದ ಸೂರ್ಯನು ಗಂಟೆಗೆ 15 ಡಿಗ್ರಿ ಸರಿದಂತೆ ತೋರುತ್ತದೆ. ಲೆಕ್ಕ ಹಾಕಿದರೆ, ತನ್ನ ಮೈಯಷ್ಟೇ ದೂರವನ್ನು ದಾಟಲು ಸೂರ್ಯನಿಗೆ ಎರಡು ನಿಮಿಷ ಸಾಕು. ಆದ್ದರಿಂದ ಕ್ಯಾಮರಾದ ಕಣ್ಣನ್ನು ಎರಡು ನಿಮಿಷ ತೆರೆದಿಟ್ಟರೆ ದುಂಡಾದ ಸೂರ್ಯನು ಉದ್ದವಾದ ಮೊಟ್ಟೆಯಾಗಿ ಮೂಡುತ್ತಾನೆ. ಇನ್ನೊಂದು ಸಂಗತಿ ಇದಕ್ಕಿಂತಲೂ ಸೋಜಿಗದ್ದು. ದಿಗಂತದ ಬಳಿ ವಾತಾವರಣವು ಬೆಳಕನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಬಾಗಿಸುತ್ತದೆ. ಹೀಗಾಗಿ ಬಿಂಬದ ಕೆಳ ಅಂಚು ದಿಗಂತವನ್ನು ಮುಟ್ಟಿತು ಎಂದು ನಾವು ನೋಡುವ ಗಳಿಗೆಯಲ್ಲಿ ಸೂರ್ಯನು ವಾಸ್ತವವಾಗಿ ದಿಗಂತದ ಕೆಳಗೆ ಹೋಗಿ ಆಗಿರುತ್ತದೆ. ಶಾಲೆಯಲ್ಲಿ ಇದನ್ನು ಹೇಳಿದಾಗ ಪ್ರತಿ ವರ್ಷವೂ ಒಬ್ಬ ಹುಡುಗನಾದರೂ ನಂಬುವುದಿಲ್ಲ. ಆ ಹುಡುಗನ ಮೇಲೆ ನನಗೆ ಪ್ರೀತಿ ಹೆಚ್ಚು. (ಮಕ್ಕಳಿಗೆ ಹೇಳುವ ಎಚ್ಚರಿಕೆಯನ್ನು ಇಲ್ಲಿಯೂ ಹೇಳಿಬಿಡುತ್ತೇನೆ: ಲೆನ್ಸಿನ ಮೂಲಕ ಸೂರ್ಯನನ್ನು ನೇರವಾಗಿ ನೋಡಬಾರದು, ಕಣ್ಣು ಹೋಗುತ್ತದೆ.)

ಕೆಲವು ವರ್ಷಗಳ ಬಳಿಕ ಸೂರ್ಯನಿಗೆ ಬೆನ್ನು ತಿರುಗಿಸಿ, ಅವನ ಬೆಳಕು ಬೀಳುವ ಕಡೆಗೆ ನೋಡುವುದನ್ನು ಕಲಿತೆ. ಊರಿನ ಬದಿಯ ಮೆಟ್ಟಿಲ ಮೇಲೆ ಟ್ರೈಪಾಡ್ ಹೂಡತೊಡಗಿದೆ. ಅಲ್ಲಿಯ ತೊಡಕು ಬೇರೆ. ಮೇಲಿನ ಬಂಡೆಗೆ ಬಿಸಿಲು, ಕೆಳಗಿನ ಕಲ್ಲಿಗೆ ನೆರಳು. ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ಕಾಣಬಲ್ಲದು, ಕ್ಯಾಮರಾ ಕಾಣದು. ಬಂಡೆಗೆ ಹೊಂದಿಸಿದರೆ ಮೆಟ್ಟಿಲು ಕಪ್ಪಾಗುತ್ತದೆ, ಮೆಟ್ಟಿಲಿಗೆ ಹೊಂದಿಸಿದರೆ ಬಂಡೆ ಬೆಳ್ಳಗೆ ಸುಟ್ಟುಹೋಗುತ್ತದೆ. ಇದು ಹಳೆಯ ಕಷ್ಟ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಚಿತ್ರಗಳನ್ನು ತೆಗೆಯುವಾಗ ಆಕಾಶಕ್ಕೊಂದು, ನೀರಿಗೊಂದು ಎಂದು ಎರಡು ಗಾಜಿನ ನೆಗೆಟಿವ್‌ಗಳನ್ನು ಮಾಡಿ, ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಅಚ್ಚು ಹಾಕಿದ್ದುಂಟು. ಇಂದು ಅದೇ ಕೆಲಸವನ್ನು ಒಂದು ಚೌಕಟ್ಟಿನ ಫಿಲ್ಟರ್ ಮಾಡುತ್ತದೆ: ಮೇಲರ್ಧ ಬೂದುಬಣ್ಣ, ಕೆಳಗರ್ಧ ತಿಳಿ, ನಡುವೆ ಒಂದು ಮೆಲ್ಲನೆಯ ಇಳಿಜಾರು. ಅದನ್ನು ಗ್ರ್ಯಾಜುಯೇಟೆಡ್ ಫಿಲ್ಟರ್ ಎನ್ನುತ್ತಾರೆ. ಸಮುದ್ರದಂಥ ನೇರ ದಿಗಂತಕ್ಕೆ ಗೆರೆ ಹೊಡೆದಂತೆ ಬದಲಾಗುವ ಬಗೆಯದು ಬೇಕು. ನಮ್ಮ ಗುಡ್ಡಗಳಿಗೆ ಮೆದು ಬಗೆಯದೇ ಸರಿ. ಈ ಫಿಲ್ಟರಿನಲ್ಲಿ ನನಗೆ ಮೋಸ ಕಾಣಿಸುವುದಿಲ್ಲ. ಕಣ್ಣು ಕಂಡದ್ದನ್ನೇ ಅದು ಕ್ಯಾಮರಾಕ್ಕೂ ಕಾಣಿಸುತ್ತದೆ. ಇಲ್ಲದ ಕಿತ್ತಳೆಯನ್ನು ಆಕಾಶಕ್ಕೆ ಬಳಿಯುವ ಬಣ್ಣದ ಫಿಲ್ಟರುಗಳೂ ಇವೆ. ಅವುಗಳನ್ನು ಒಮ್ಮೆ ಬಳಸಿದೆ, ನಾಚಿಕೆಯಾಗಿ ಯಾರಿಗೋ ಕೊಟ್ಟುಬಿಟ್ಟೆ.

ಇನ್ನೊಂದು ಫಿಲ್ಟರ್ ಇದೆ. ಈ ಬರಹವೆಲ್ಲ ಅದರ ಸುತ್ತಲೇ.

ಎನ್‌ಡಿ 1000 ಎಂದು ಅದರ ಅಂಚಿನ ಮೇಲೆ ಬರೆದಿರುತ್ತದೆ. ನೋಡಲು ಕಮ್ಮಾರನ ಕಪ್ಪು ಕನ್ನಡಕದ ಗಾಜಿನಂತೆ. ಒಳಬರುವ ಬೆಳಕನ್ನು ಹತ್ತು ಸಲ ಅರ್ಧರ್ಧ ಮಾಡಿದರೆ ಎಷ್ಟು ಉಳಿಯುತ್ತದೆಯೋ ಅಷ್ಟನ್ನೇ, ಅಂದರೆ 1024ರಲ್ಲಿ ಒಂದು ಪಾಲನ್ನು ಮಾತ್ರ, ಅದು ಒಳಗೆ ಬಿಡುತ್ತದೆ. ಅದಿಲ್ಲದೆ ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ ಮುಗಿಯುವ ಚಿತ್ರಕ್ಕೆ ಅದನ್ನು ಹಾಕಿದರೆ 128 ಸೆಕೆಂಡು ಬೇಕು. ಎರಡು ನಿಮಿಷ ಎಂಟು ಸೆಕೆಂಡು. ಅದರ ಮೂಲಕ ನೋಡಿದರೆ ಏನೂ ಕಾಣದಾದ್ದರಿಂದ ಚೌಕಟ್ಟನ್ನೂ ಫೋಕಸ್ಸನ್ನೂ ಮೊದಲೇ ಸರಿಪಡಿಸಿ, ಲೆನ್ಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಆಮೇಲೆ ಉಸಿರು ಬಿಗಿಹಿಡಿದು ಫಿಲ್ಟರ್ ಕೂಡಿಸಬೇಕು. ಹಿಂದಿನ ಕಿಂಡಿಯಿಂದ ಬೆಳಕು ನುಗ್ಗದಂತೆ ಅದನ್ನೂ ಮುಚ್ಚಬೇಕು. ಗಾಳಿಗೆ ಅಲುಗದಂತೆ ಚೀಲವನ್ನು ಟ್ರೈಪಾಡಿಗೆ ತೂಗುಹಾಕಬೇಕು. ಕೇಬಲ್ಲಿನ ಗುಂಡಿಯನ್ನು ಒತ್ತಿ ಲಾಕ್ ಮಾಡಿದ ಮೇಲೆ ಮಾಡುವುದೇನೂ ಇಲ್ಲ, ಕಾಯಬೇಕು. ಚಿತ್ರ ಮುಗಿದ ಮೇಲೂ ಕ್ಯಾಮರಾ ಕಣ್ಣು ಮುಚ್ಚಿಕೊಂಡು ಇನ್ನೊಂದು ಅಷ್ಟೇ ಹೊತ್ತು ಬರಿಯ ಕತ್ತಲೆಯನ್ನು ಚಿತ್ರಿಸುತ್ತದೆ; ಆ ಕತ್ತಲೆಯಲ್ಲಿ ಕಂಡುಬಂದ ತನ್ನ ದೋಷಗಳನ್ನು ಮೊದಲಿನ ಚಿತ್ರದಿಂದ ಕಳೆದುಹಾಕುತ್ತದೆ. ಈ ಏರ್ಪಾಡನ್ನು ಮೊದಲ ಸಲ ಓದಿದಾಗ ಯಾರೋ ಅನುಭಾವಿ ಎಂಜಿನಿಯರನೇ ಇದನ್ನು ಮಾಡಿರಬೇಕು ಎನಿಸಿತು. ಅಗ್ಗದ ಫಿಲ್ಟರುಗಳಲ್ಲಿ ಒಂದು ದೋಷವುಂಟು: ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅವು ತಡೆಯದೆ ಬಿಡುವುದರಿಂದ ಚಿತ್ರಕ್ಕೆಲ್ಲ ಕೆಂಗಂದು ಛಾಯೆ ಬರುತ್ತದೆ. ಬಾದಾಮಿಯ ಕಲ್ಲಿಗೆ ಆ ಕೆಂಪು ಬೇಡವೇ ಬೇಡ.

ಎರಡು ನಿಮಿಷದಲ್ಲಿ ಆಗುವುದೇನು? ಅಲೆಯೆದ್ದ ನೀರು ಹಾಲಿನಂತೆ ನಯವಾಗುತ್ತದೆ. ಮೋಡಗಳು ಹಿಂಜಿದ ಅರಳೆಯಾಗಿ ಹರಡುತ್ತವೆ. ಬಂಡೆ, ಗುಡಿ, ಮೆಟ್ಟಿಲುಗಳು ಮಾತ್ರ ಇದ್ದಂತೆ ಇರುತ್ತವೆ. ಮತ್ತು ಮನುಷ್ಯರು ಮಾಯವಾಗುತ್ತಾರೆ. ನಡೆದುಹೋಗುವವನು ಒಂದೊಂದು ಜಾಗದಲ್ಲಿ ಒಂದೆರಡು ಸೆಕೆಂಡು ಇದ್ದರೆ, 128 ಸೆಕೆಂಡಿನ ಲೆಕ್ಕದಲ್ಲಿ ಅವನ ಪಾಲು ಕಾಣುವಷ್ಟು ಉಳಿಯುವುದಿಲ್ಲ. ಈ ನಿಯಮ ಛಾಯಾಚಿತ್ರಕಲೆಯಷ್ಟೇ ಹಳೆಯದು. 1838ರಲ್ಲಿ ದಾಗೇರ್ ಪ್ಯಾರಿಸ್ಸಿನ ಒಂದು ದಟ್ಟ ಬೀದಿಯನ್ನು ಹಲವು ನಿಮಿಷಗಳ ಕಾಲ ಚಿತ್ರಿಸಿದನು. ಗಾಡಿ, ಕುದುರೆ, ಜನ ಯಾರೂ ಅದರಲ್ಲಿಲ್ಲ. ಮೂಲೆಯಲ್ಲಿ ಒಬ್ಬನೇ ಒಬ್ಬನು ಸ್ಪಷ್ಟವಾಗಿ ನಿಂತಿದ್ದಾನೆ: ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದವನು. ಕಾಲು ಎತ್ತಿಟ್ಟು ಅಲುಗದೆ ನಿಂತಿದ್ದರಿಂದ ಅವನು ಉಳಿದನು. ಅವನ ಬೂಟನ್ನು ಉಜ್ಜುತ್ತಿದ್ದವನು ಅಷ್ಟು ಸ್ಪಷ್ಟವಾಗಿಲ್ಲ. ಅವನ ಕೈ ಅಲ್ಲಾಡುತ್ತಿತ್ತು. ಪಾಠದಲ್ಲಿ ಈ ಚಿತ್ರವನ್ನು ಎಷ್ಟೋ ಸಲ ತೋರಿಸಿದ್ದೇನೆ. ಅದರ ಅರ್ಥ ನನಗೆ ತಟ್ಟಿರಲಿಲ್ಲ.

2011ರ ಮಹಾನವಮಿಗೆ ಮುಂಚಿನ ದಿನಗಳು. ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ, ಕೌದಿಗಳನ್ನೆಲ್ಲ ಒಗೆಯುವುದು ನಮ್ಮ ಕಡೆಯ ರೂಢಿ. ಕೆರೆ ತುಂಬಿತ್ತು; ಮೆಟ್ಟಿಲ ತುಂಬ ಹೆಂಗಸರು, ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ಮರಳುತ್ತಿತ್ತು. ನಮ್ಮ ತಾಯಿಯವರೂ ಬೆಳಗಿನಿಂದ ಅಲ್ಲಿಯೇ ಇದ್ದರು. ಊರಿನ ಬಾಯಲ್ಲಿ ಹೇಳುವುದಾದರೆ, ನಮ್ಮವ್ವ. ನೆರೆಮನೆಯ ಅತ್ತೆಯೂ ಜೊತೆಗಿದ್ದಳು. ಬೆಳಿಗ್ಗೆ ಒಗೆದ ಕೌದಿಗಳು ಮೆಟ್ಟಿಲ ಮೇಲೆ ಹರವಿದ್ದವು; ಕೊನೆಯ ಎರಡು ಮೂರು ಇನ್ನೂ ನೀರಿನಲ್ಲಿದ್ದವು. ಶಾಲೆ ಬಿಟ್ಟ ಮೇಲೆ ನಾನು ಟ್ರೈಪಾಡ್ ಹಿಡಿದು ಹೋದೆ. ಮಳೆಗಾಲದ ಕೊನೆಯ ಮೋಡಗಳು ವೇಗವಾಗಿ ಸಾಗುತ್ತಿದ್ದವು. ಅಂಥ ಆಕಾಶ ವರ್ಷಕ್ಕೆ ಎರಡು ಸಲ ಸಿಕ್ಕರೆ ಪುಣ್ಯ.

ನನ್ನನ್ನು ಕಂಡು ಅವ್ವ ಪಕ್ಕಕ್ಕೆ ಸರಿಯಹೋದಳು. ‘ನಿನ್ನ ಫೋಟೋಕ್ಕ ಅಡ್ಡ ಆಗ್ತೀವೇನೋ ತಮ್ಮಾ?’

‘ಏನೂ ಆಗೂದಿಲ್ಲವ್ವ. ನೀವು ಕೆಲಸ ಮಾಡ್ಕೋತ ಇರ್ರಿ. ನಿಂದರಬ್ಯಾಡ್ರಿ ಅಷ್ಟ. ಅಲ್ಲಾಡಿದವರು ಇದರಾಗ ಬರೂದಿಲ್ಲ’ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ನನ್ನ ವಿದ್ಯೆಯನ್ನು ಅವರಿಗೆ ತೋರಿಸುವ ಉತ್ಸಾಹ ನನಗೆ.

ಚಿತ್ರ ಅದ್ಭುತವಾಗಿ ಬಂದಿತು. ಹಾಲಿನಂಥ ನೀರು, ಕೆಂಡದಂಥ ಬಂಡೆ, ನಿರ್ಜನವಾದ ಮೆಟ್ಟಿಲು, ಅದರ ಮೇಲೆ ಯಾರೋ ಕಾಲಾತೀತವಾಗಿ ಹರವಿಟ್ಟಂತೆ ಮೂರು ಕೌದಿ. ತೋಯ್ದ ಕೌದಿ ಗಾಳಿಗೆ ಅಲುಗುವ ವಸ್ತುವಲ್ಲ. ಹೊಲಿಗೆಯ ಗೆರೆಗಳು ಸಹ ಎಣಿಸುವಂತಿದ್ದವು. 2012ರಲ್ಲಿ ಹೊಸ ಮನೆಯ ಗೃಹಪ್ರವೇಶಕ್ಕೆ ಅದನ್ನು ಮೂರು ಅಡಿ ಅಗಲಕ್ಕೆ ಹಿಗ್ಗಿಸಿ ಪಡಸಾಲೆಯ ಗೋಡೆಗೆ ಹಾಕಿಸಿದೆ. ಬಂದವರೆಲ್ಲ ಮೆಚ್ಚಿದರು. ವಚನ ಸಾಹಿತ್ಯವನ್ನು ಚೆನ್ನಾಗಿ ಬಲ್ಲ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, ‘ಇದು ಬಯಲಿನ ದರ್ಶನ’ ಎಂದರು. ಆ ಮಾತು ನನ್ನ ತಲೆಗೇರಿ ಕುಳಿತಿತು. ಹಲವು ದಿನ ಅದನ್ನು ಮೆಲುಕು ಹಾಕಿದೆ.

ಎಲ್ಲರೂ ಹೋದ ಮೇಲೆ ಅವ್ವ ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ನಿಂತಳು.

‘ಇದು ನಮ್ಮ ಕೌದಿ’ ಎಂದಳು. ‘ಈ ಅಂಚಿನ ಕೆಂಪು ನಿಮ್ಮಪ್ಪನ ಪಟಗಾದ್ದು.’ ಸ್ವಲ್ಪ ಹೊತ್ತು ಬಿಟ್ಟು, ‘ನಾ ಎಲ್ಲಿ?’ ಎಂದಳು.

‘ನೀ ಆಗ ಮ್ಯಾಲ ಹೋಗಿದ್ದೀ ಅವ್ವ’ ಎಂದೆ. ಸುಳ್ಳು.

‘ಎಲ್ಲಿ ಹೋಗಿದ್ನೋ? ನೀರಿನ ದಂಡಿಗೇ ನಿಂತು ಹಿಂಡಾಕತ್ತಿದ್ದೆ. ಅತ್ತೀನೂ ಇದ್ದಳು.’ ಆಮೇಲೆ ಚಿತ್ರದ ಎಡಮೂಲೆಯಲ್ಲಿ ಬೆರಳಿಟ್ಟಳು. ಅಲ್ಲಿ ಮೆಟ್ಟಿಲ ಮೇಲೆ ಒಂದು ಬೀದಿನಾಯಿ ಮಲಗಿತ್ತು. ಅದರ ಕಿವಿಯ ಕೂದಲು ಕೂಡ ಸ್ಪಷ್ಟವಾಗಿತ್ತು. ‘ನಾಯಿ ಮಲಗಿದ್ದು ಬಂದೈತಿ. ನಾ ದುಡಿದದ್ದು ಬಂದಿಲ್ಲ ನೋಡು’ ಎಂದು ನಕ್ಕು ಒಳಗೆ ಹೋದಳು.

ಅವಳು ನಕ್ಕದ್ದು ನಿಜ. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಕಾರಣವನ್ನು ತಮ್ಮಿಂದ ಮುಚ್ಚಿಡಬಾರದು. ಕ್ಯಾಮರಾ ಅವ್ವನನ್ನು ಪೂರ್ತಿಯಾಗಿ ಅಳಿಸಿರಲಿಲ್ಲ. ತೋಯ್ದ ಕೌದಿಯನ್ನು ಒಬ್ಬರೇ ಹಿಂಡಲಾಗದು; ಇಬ್ಬರು ಎರಡು ತುದಿ ಹಿಡಿದು, ಎದುರುಬದುರು ನಿಂತು, ಒಬ್ಬರು ಹೀಗೆ ಒಬ್ಬರು ಹಾಗೆ ತಿರುಚಬೇಕು. ಆ ಎರಡು ನಿಮಿಷದಲ್ಲಿ ಅವ್ವನೂ ಅತ್ತೆಯೂ ಸುಮಾರು ನಲವತ್ತು ಸೆಕೆಂಡು ಒಂದೇ ಜಾಗದಲ್ಲಿ ಕಾಲೂರಿ ನಿಂತು ಹಿಂಡಿದ್ದರು. ಅಷ್ಟರ ಮಟ್ಟಿಗೆ ಅವರು ಮೂಡಿದ್ದರು. ನೀರಿನ ಅಂಚಿನಲ್ಲಿ ಎರಡು ಹೊಗೆಯಂಥ ಕಲೆಗಳು, ಒಂದರಲ್ಲಿ ತುಸು ಹಸಿರು. ಅವ್ವನ ಸೀರೆಯ ಹಸಿರು. ಕಂಪ್ಯೂಟರಿನ ಮುಂದೆ ಕುಳಿತಾಗ ಅದು ನನ್ನ ಕಣ್ಣಿಗೆ ಚುಚ್ಚಿತು. ಫೋಟೋಶಾಪಿನಲ್ಲಿ ಪಕ್ಕದ ನೀರನ್ನೇ ತಂದು ಅದರ ಮೇಲೆ ಬಳಿದೆ. ನೀರು ಹಾಲಿನಷ್ಟು ನಯವಾಗಿದ್ದುದರಿಂದ ಐದು ನಿಮಿಷದ ಕೆಲಸವಾಯಿತು. ಆಗ ಅದು ಯಾರು ಎಂಬ ಯೋಚನೆಯೇ ಬರಲಿಲ್ಲವೆಂದು ಹೇಳಿದರೆ ಅದೂ ಅರ್ಧ ಸುಳ್ಳು. ಬಂದಿತ್ತು, ಚಿತ್ರಕ್ಕೆ ಅಡ್ಡಿ ಎಂಬ ಯೋಚನೆ ಅದಕ್ಕಿಂತ ದೊಡ್ಡದಾಗಿತ್ತು.

ಅರಿವೆ ಒಗೆಯುವುದನ್ನೇ ಕಾಯಕವಾಗಿ ಮಾಡಿಕೊಂಡ ಮಡಿವಾಳ ಮಾಚಿದೇವರನ್ನು ಶರಣರ ಸಾಲಿನಲ್ಲಿ ನಿಲ್ಲಿಸಿ ಗೌರವಿಸುವ ಪರಂಪರೆ ನಮ್ಮದು. ಅವರ ಜಯಂತಿಗೆ ಶಾಲೆಯಲ್ಲಿ ಭಾಷಣ ಮಾಡಿದವನೂ ನಾನೇ. ಕೆರೆಯ ದಂಡೆಯಲ್ಲಿ ಒಗೆಯುತ್ತಿದ್ದ ಇಪ್ಪತ್ತು ಮೂವತ್ತು ಜನರನ್ನು ಒರೆಸಿಹಾಕಿ, ಉಳಿದದ್ದನ್ನು ಬಯಲು ಎಂದು ಕರೆಸಿಕೊಂಡು ಹಿಗ್ಗಿದವನೂ ನಾನೇ. ಬಯಲು ಎಂಬ ಮಾತಿನ ಆಳ ನನ್ನ ಅಳವಿಗೆ ಮೀರಿದ್ದು. ಆದರೆ ಕಾಯಕದಲ್ಲಿರುವವರನ್ನು ಹೊರಗೆ ಹಾಕಿದ ಮೇಲೆ ಉಳಿಯುವ ಜಾಗಕ್ಕೆ ಆ ಹೆಸರು ಸಲ್ಲದೆಂಬಷ್ಟು ನನಗೂ ತಿಳಿಯಬೇಕಿತ್ತು.

ಇದರಿಂದ ಫಿಲ್ಟರುಗಳನ್ನು ಕೆರೆಗೆ ಎಸೆದೆನೆಂದು ತಾವು ಭಾವಿಸಬಾರದು. ಅವು ಈಗಲೂ ಚೀಲದಲ್ಲಿವೆ. ಎನ್‌ಡಿ 1000ದ ಮೇಲೆ ತಪ್ಪು ಹೊರಿಸುವುದು ಸುಲಭ. ವಿಜ್ಞಾನದ ಲೆಕ್ಕದಲ್ಲಿ ಅದು ನ್ಯಾಯವಲ್ಲ. ದೀರ್ಘಕಾಲ ತೆರೆದ ಕ್ಯಾಮರಾ ಯಾರನ್ನೂ ಅಳಿಸುವುದಿಲ್ಲ. ಅದಕ್ಕೆ ಕೂಡುವುದೊಂದೇ ಗೊತ್ತು, ಕಳೆಯುವುದು ಗೊತ್ತಿಲ್ಲ. ನಿಂತವರ ಬೆಳಕು ಒಂದೇ ಜಾಗದಲ್ಲಿ ಕೂಡುತ್ತ ಗಟ್ಟಿಯಾಗುತ್ತದೆ. ನಡೆದವರ ಬೆಳಕು ಅವರು ನಡೆದಲ್ಲೆಲ್ಲ ತೆಳುವಾಗಿ ಹರಡಿಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟು ಇಲ್ಲ, ಅಷ್ಟೆ. ಮೆಟ್ಟಿಲು ಹತ್ತಿ ಇಳಿದು ಕೌದಿ ಹೊತ್ತ ಅವ್ವನ ಬೆಳಕು ಆ ಚಿತ್ರದ ಉದ್ದಕ್ಕೂ ಇದೆ. ಗಟ್ಟಿಯಾಗಿ ಉಳಿದ ನಲವತ್ತು ಸೆಕೆಂಡನ್ನು ತೆಗೆದವನು ನಾನು.

ಈ ಲೆಕ್ಕ ಹೊಳೆಯಲು ನಾಲ್ಕು ವರ್ಷ ಹಿಡಿಯಿತು. 2016ರಲ್ಲಿ ಹಳೆಯ ಹಾರ್ಡ್‌ಡಿಸ್ಕನ್ನು ಹುಡುಕಿ ತೆಗೆದೆ. ತಿದ್ದುವ ಮೊದಲಿನ ಮೂಲ ಕಡತ ಹಾಗೆಯೇ ಇತ್ತು. ನೀರಿನ ಅಂಚಿನಲ್ಲಿ ಎರಡು ಕಲೆ. ಆಕಾಶದ ಬಣ್ಣವನ್ನು ಸರಿಪಡಿಸಿದೆ, ಬೇರೇನನ್ನೂ ಮುಟ್ಟಲಿಲ್ಲ. ಹನ್ನೆರಡು ಇಂಚಿನ ಒಂದು ಪ್ರತಿಯನ್ನು ಅಚ್ಚು ಹಾಕಿಸಲು ಕೊಟ್ಟೆ. ಅಂಗಡಿಯ ಹುಡುಗ ಒಳ್ಳೆಯವನು. ‘ಸರ್, ನೀರಿನ್ಯಾಗ ಎರಡು ಕಲಿ ಬಂದಾವ್ರಿ. ತಗದು ಕೊಡ್ಲೇನ್ರಿ? ರೊಕ್ಕ ಏನ್ ಬ್ಯಾಡ್ರಿ’ ಎಂದನು. ಬೇಡಪ್ಪ, ಇರಲಿ ಎಂದೆ. ಅವನಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟಿದಂತೆ ಕಂಡಿತು.

ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ಆ ಹೊತ್ತಿಗೆ ಮೊಣಕಾಲು ನೋವಿನಿಂದ ಅವಳು ಕೆರೆಗೆ ಹೋಗುವುದು ನಿಂತಿತ್ತು. ಗೃಹಪ್ರವೇಶದ ದಿನ ನಾನು ಹೇಳಿದ್ದು ಸುಳ್ಳೆಂದೂ, ಚಿತ್ರದಿಂದ ಅವಳನ್ನು ತೆಗೆದವನು ನಾನೇ ಎಂದೂ ಹೇಳಿದೆ. ಬೆಳಕು ಕೂಡುವ ಲೆಕ್ಕವನ್ನೂ ವಿವರಿಸತೊಡಗಿದೆ. ಅವ್ವ ಅರ್ಧ ಕೇಳಿದಳು. ಅವಳ ಕಣ್ಣು ಚಿತ್ರದ ಮೇಲಿತ್ತು.

‘ಎಡಕ್ಕ ಇರಾಕಿ ನಾನು’ ಎಂದಳು.

ಹಸಿರು ಬಣ್ಣದಿಂದ ಗುರುತಿಸಿದಳೇನೋ ಎಂದುಕೊಂಡೆ. ಬಣ್ಣ ಅವಳ ಮಬ್ಬುಗಣ್ಣಿಗೆ ಕಾಣುವಷ್ಟು ಇರಲಿಲ್ಲ. ‘ಅತ್ತಿ ಹಿಂಡೂವಾಗ ಹಿಂದಕ್ಕ ವಾಲತಾಳ. ನಾ ವಾಲೂದಿಲ್ಲ, ನೆಟ್ಟಗ ನಿಂದರತೀನಿ. ನೋಡು, ಆಕಿ ಹಿಂದಕ್ಕ ಹ್ವಾದಂಗ ಐತಿ’ ಎಂದು ಬೆರಳಿನಿಂದ ಎರಡು ಕಲೆಗಳನ್ನೂ ತೋರಿಸಿದಳು. ನಾನು ಬಾಗಿ ನೋಡಿದೆ. ಬಲಗಡೆಯ ಕಲೆ ನಿಜವಾಗಿಯೂ ತುಸು ಹಿಂದಕ್ಕೆ ಹರಡಿಕೊಂಡಿತ್ತು. ಅಷ್ಟು ವರ್ಷ ಆ ಚಿತ್ರವನ್ನು ನೂರು ಪಟ್ಟು ಹಿಗ್ಗಿಸಿ ನೋಡಿದ್ದ ನನಗೆ ಅದು ಕಂಡಿರಲಿಲ್ಲ.

ಮರುದಿನ ಶಾಲೆಯಿಂದ ಬಂದಾಗ ಚಿತ್ರ ಮೇಜಿನ ಮೇಲಿರಲಿಲ್ಲ. ಮಧ್ಯಾಹ್ನ ಅವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೋಡೆ ಹಿಡಿದು ಮೆಲ್ಲಗೆ ನಡೆಯುತ್ತ, ಅತ್ತೆಗೆ ತೋರಿಸಲು ಒಯ್ದಿದ್ದಳು.